ಮಳೆಯೂರಲ್ಲಿ ಬಟ್ಟೆ ಅಂಗಡಿ: ಗಿರಾಕಿ ಯಾವ ಹೊತ್ತಿಗೆ ಬರುತ್ತಾರೆ?

ಪ್ರಶ್ನೆ: ಸರ್, ನಮ್ಮದು ಕಲಬುರಗಿಯ ಕಪಡಾ ಬಜಾರಿನಲ್ಲಿ ಬಟ್ಟೆ ಅಂಗಡಿ. ಅಪ್ಪನ ಕಾಲದಿಂದ ಇದೆ. ಮಗ ಮಣಿಪಾಲದಲ್ಲಿ ಓದಿದ, ಈಗ ಉಡುಪಿಯಲ್ಲೇ ಒಂದು ಅಂಗಡಿ ಹಾಕುತ್ತೇನೆ ಅನ್ನುತ್ತಿದ್ದಾನೆ. ಆದರೆ ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮ ಮಳೆ, ಪೇಟೆಗೆ ಜನವೇ ಬರುವುದಿಲ್ಲ ಅಂತ ಕೆಲವರು ಹೆದರಿಸುತ್ತಿದ್ದಾರೆ. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕಲ್ಲ. ಜಾಗ, ಅಂಗಡಿ ತೆರೆಯುವ ಹೊತ್ತು, ಸ್ಟಾಕು, ಇದನ್ನೆಲ್ಲ ಅಲ್ಲಿನ ಹವಾಮಾನ ನೋಡಿ ಹೇಗೆ ತೀರ್ಮಾನಿಸುವುದು?

ಉತ್ತರ: ಅಂಗಡಿ ಹಾಕಬಹುದು, ಮಳೆಗೆ ಹೆದರಿ ಬಿಡಬೇಡಿ. ಆದರೆ ಎರಡು ಕೆಲಸ ಮಾತ್ರ ಮಾಡಬೇಡಿ. ಜೂನ್‌ನಲ್ಲಿ ಶುರು ಮಾಡಬೇಡಿ. ಕಲಬುರಗಿಯ ಲೆಕ್ಕವನ್ನು ಹಾಗೇ ಉಡುಪಿಗೆ ಹೊತ್ತುಕೊಂಡು ಹೋಗಬೇಡಿ. ಏಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಲಬುರಗಿಯಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ. ಉಡುಪಿಯಲ್ಲಿ 4,000 ದಾಟುತ್ತದೆ, ಜುಲೈ ಒಂದರಲ್ಲೇ 1,000ಕ್ಕಿಂತ ಜಾಸ್ತಿ. ಅಂದರೆ ನಿಮ್ಮೂರಿನ ಇಡೀ ವರ್ಷದ ಮಳೆ ಅಲ್ಲಿ ಒಂದೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಈ ಅಂಕಿ ನೋಡಿದವರು ಪೇಟೆ ನಾಲ್ಕು ತಿಂಗಳು ಬಂದ್ ಆಗಿರುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಎಷ್ಟು ಮಳೆ ಬಿತ್ತು ಅನ್ನುವುದಕ್ಕಿಂತ ಊರಿಗೆ ಅದು ಎಷ್ಟು ರೂಢಿಯಾಗಿದೆ ಅನ್ನುವುದೇ ಮುಖ್ಯ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಸಂಜೆ ಅರ್ಧ ಗಂಟೆ ಜೋರು ಮಳೆ ಬಂದರೆ ನಿಮ್ಮಲ್ಲಿ ಆ ದಿನದ ವ್ಯಾಪಾರವೇ ಹೋಯಿತು. ಜನರ ಕೈಯಲ್ಲಿ ಕೊಡೆ ಇರುವುದಿಲ್ಲ, ರಸ್ತೆ ಮೇಲೆ ನೀರು ನಿಲ್ಲುತ್ತದೆ, ಬೈಕಿನವರು ಸಿಕ್ಕ ಸಿಕ್ಕಲ್ಲಿ ನಿಂತುಬಿಡುತ್ತಾರೆ. ಅದೇ ಮಳೆ ಉಡುಪಿಯಲ್ಲಿ ಬಂದರೆ ಜನ ಕೊಡೆ ಬಿಡಿಸಿ ನಡೆಯುತ್ತಲೇ ಇರುತ್ತಾರೆ. ಅವರಿಗೆ ಅದು ಸುದ್ದಿಯೇ ಅಲ್ಲ.

ಬಿಸಿಲಿನ ವಿಚಾರದಲ್ಲಿ ಇದು ತಿರುಗಾಮುರುಗಾ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಹೇಳಬೇಕಾದರೆ ಬಯಲುಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಕರಾವಳಿಗೆ 37 ಸಾಕು. ಅಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ನಿಮ್ಮ ರಣಬಿಸಿಲಲ್ಲಿ ನೆರಳು ಸಿಕ್ಕರೆ ಜೀವ ಬರುತ್ತದೆ. ಉಡುಪಿಯ ಏಪ್ರಿಲ್ ಸೆಕೆಯಲ್ಲಿ ನೆರಳಿಗೆ ಬಂದರೂ ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಸಂಜೆ ಏಳಾದರೂ ಅಷ್ಟೇ. ಟ್ರಯಲ್ ರೂಮಿನಲ್ಲಿ ಫ್ಯಾನ್ ಇಲ್ಲದಿದ್ದರೆ ಗಿರಾಕಿ ಎರಡನೇ ಅಂಗಿ ಹಾಕಿ ನೋಡುವುದೇ ಇಲ್ಲ.

ಇನ್ನು ಮಳೆ ಏನು ಮಾಡುತ್ತದೆ ನೋಡೋಣ. ಅದು ಜನರನ್ನು ಕಡಿಮೆ ಮಾಡುತ್ತದೆ, ನಿಜ. ಆದರೆ ಅದಕ್ಕಿಂತ ಜಾಸ್ತಿ, ಜನ ಬರುವ ಹೊತ್ತನ್ನು ಬದಲಿಸುತ್ತದೆ. ಕರಾವಳಿಯ ಮಳೆ ನಾಲ್ಕು ತಿಂಗಳು ನಲ್ಲಿ ಬಿಟ್ಟ ಹಾಗೆ ಸುರಿಯುವುದಿಲ್ಲ. ಬರುತ್ತದೆ, ಹೊಳವಾಗುತ್ತದೆ, ಮತ್ತೆ ಬರುತ್ತದೆ. ಹೊಳವಾದ ಹತ್ತೇ ನಿಮಿಷಕ್ಕೆ ಬೀದಿ ತುಂಬುತ್ತದೆ. ಎರಡು ದಿನ ಬಿಡದೆ ಹೊಡೆದು ಮೂರನೇ ದಿನ ಬಿಸಿಲು ಇಣುಕಿದರೆ, ಆ ಮೂರನೇ ದಿನ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ವಾರದ ಲೆಕ್ಕ ತೆಗೆದರೆ ನಷ್ಟ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಆದರೆ ಆ ಹೊಳವಿನ ಹೊತ್ತಿಗೆ ನಿಮ್ಮ ಹುಡುಗರು ಊಟಕ್ಕೆ ಹೋಗಿದ್ದರೆ ಹೋದದ್ದು ಹೋಯಿತು.

ಅಂಗಡಿ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರೆ ಇದೆಲ್ಲ ಕಣ್ಣಿಗೆ ಕಾಣುತ್ತದೆ. ಒಬ್ಬ ಹೆಂಗಸು ಬರುತ್ತಾರೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತರಕಾರಿ ಚೀಲ, ಸೀರೆಯ ನೆರಿಗೆ ಮೊಣಕಾಲವರೆಗೆ ಒದ್ದೆ. ಬಾಗಿಲಲ್ಲಿ ಕೊಡೆ ಇಡಲು ಬಕೆಟ್ ಇಲ್ಲ. ಒಳಗೆ ತಂದರೆ ಬಟ್ಟೆ ಮೇಲೆ ನೀರು ತೊಟ್ಟಿಕ್ಕುತ್ತದೆ ಅಂತ ಅವರಿಗೇ ಸಂಕೋಚ. ಹೊರಗಿನಿಂದಲೇ ಒಂದು ನೈಟಿ ಬೆಲೆ ಕೇಳಿ ಮುಂದೆ ಹೋಗುತ್ತಾರೆ. ಪಕ್ಕದ ಅಂಗಡಿಯಲ್ಲಿ ಬಕೆಟ್ ಇದೆ, ಕಾಲು ಒರೆಸಲು ದಪ್ಪ ಗೋಣಿ ಹಾಸಿದೆ, ಚೀಲ ಇಡಲು ಒಂದು ಸ್ಟೂಲ್ ಇದೆ. ಅಲ್ಲಿ ಅದೇ ಹೆಂಗಸು ಕಾಲು ಗಂಟೆ ಕೂರುತ್ತಾರೆ. ಮಳೆ ನಿಲ್ಲುವವರೆಗೆ ಕೂತವರು ಬರಿಗೈಯಲ್ಲಿ ಎದ್ದು ಹೋಗುವುದು ಕಡಿಮೆ. ಇನ್ನೊಂದು ವಿಷಯ. ಕೊಡೆ ಹಿಡಿದವರಿಗೆ ಉಳಿಯುವುದು ಒಂದೇ ಕೈ. ದೊಡ್ಡ ಬಾಕ್ಸು ಕೊಡಬೇಡಿ. ಬಾಯಿ ಕಟ್ಟಲು ಬರುವ, ನೀರು ಹೋಗದ, ಹೆಗಲಿಗೆ ಹಾಕಿಕೊಳ್ಳುವ ಚೀಲ ಕೊಡಿ. ಈ ಸಣ್ಣ ಖರ್ಚಿಗೆ ಹಿಂದೆ ಮುಂದೆ ನೋಡಲೇಬೇಡಿ.

ಈಗ ಜೂನ್, ಜುಲೈ ತಿಂಗಳ ವ್ಯಾಪಾರ ಕುಸಿಯುವ ವಿಚಾರ. ಕುಸಿಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಲ್ಲರೂ ಅದನ್ನು ಮಳೆಯ ತಲೆಗೆ ಕಟ್ಟುತ್ತಾರೆ. ನನ್ನ ಪ್ರಕಾರ ಅದರಲ್ಲಿ ಅರ್ಧ ಮಾತ್ರ ಮಳೆಯದ್ದು.

ತುಳುನಾಡಿನಲ್ಲಿ ಮೇ 24–25ರ ಹೊತ್ತಿಗೆ ಪತ್ತನಾಜೆ ಬರುತ್ತದೆ. ಸೀಸನ್ ಮುಗಿಯುವ ದಿನ ಅದು. ಅಲ್ಲಿಗೆ ದೈವಗಳ ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಮುಗಿಯಿತು. ಏಪ್ರಿಲ್, ಮೇ ತಿಂಗಳಲ್ಲಿ ಊರಿಗೆ ಬಂದಿದ್ದ ಮುಂಬೈಯವರು, ಗಲ್ಫಿನವರು ಮಕ್ಕಳ ಶಾಲೆಗಾಗಿ ವಾಪಸ್ ಹೊರಡುತ್ತಾರೆ. ಮದುವೆ ಸೀಸನ್ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿರುತ್ತವೆ. ಬೋಟಿನವರು, ಐಸ್ ಪ್ಲಾಂಟಿನವರು, ಮೀನು ಲೋಡ್ ಮಾಡುವವರು, ಲಾರಿಯವರು, ಎಲ್ಲರ ಕೈಯಲ್ಲೂ ಆಗ ಹಣ ಬಿಗಿ. ಹಳ್ಳಿ ಕಡೆ ನಾಟಿ ಕೆಲಸ. ಶಾಲೆ ಫೀಸು, ಪುಸ್ತಕಕ್ಕೆ ಮನೆಯ ಉಳಿತಾಯ ಹೋಗಿರುತ್ತದೆ. ಮೇಲಿಂದ ಜುಲೈ ಮಧ್ಯಕ್ಕೆ ತುಳುವರ ಆಟಿ ತಿಂಗಳು ಬರುತ್ತದೆ. ಆಗಸ್ಟ್ ಮಧ್ಯದವರೆಗೆ ಶುಭಕಾರ್ಯ ಇಲ್ಲ, ಹೊಸ ಬಟ್ಟೆಗೆ ನೆಪ ಇಲ್ಲ.

ಇಷ್ಟೆಲ್ಲ ಸೇರಿ ಬರುವ ಎರಡೂವರೆ ತಿಂಗಳು ಅದು. ಆ ಜುಲೈನಲ್ಲಿ ಒಂದು ಹನಿಯೂ ಬೀಳದೆ ಇದ್ದರೂ ವ್ಯಾಪಾರ ಏಪ್ರಿಲ್‌ನಷ್ಟು ಆಗುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಮಳೆಯೇ ಕಾರಣ ಅಂದುಕೊಂಡವರು ಸಜ್ಜಾ, ಶೀಟು ಹಾಕಿಸಿ ಸುಮ್ನೆ ಕೂರುತ್ತಾರೆ. ಹಣದ ಹರಿವು ನಿಂತಿದೆ ಎಂದು ತಿಳಿದವರು ಆ ಎರಡು ತಿಂಗಳು ಕಡಿಮೆ ಬೆಲೆಯ, ದಿನಬಳಕೆಯ ಮಾಲು ಮುಂದೆ ಇಡುತ್ತಾರೆ.

ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು ಉಡುಪಿಯ ರಥಬೀದಿ ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಆದರೂ ಕೃಷ್ಣಮಠದ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಮಳೆ ಬಂದರೆ ಜನ ನೆನೆದುಕೊಂಡೇ ನಿಂತು ಮೊಸರು ಕುಡಿಕೆ ನೋಡುತ್ತಾರೆ. ಬರಲು ಕಾರಣ ಇದ್ದರೆ ಅಲ್ಲಿನವರನ್ನು ಮಳೆ ತಡೆಯುವುದಿಲ್ಲ.

ನಿಮ್ಮ ಸೀಮೆಯಲ್ಲಿ ಮಳೆಗೂ ಬಜಾರಿಗೂ ಇರುವ ಸಂಬಂಧವೇ ಬೇರೆ ಅಲ್ವಾ? ಮೃಗಶಿರಾ, ಆರಿದ್ರಾ ಸರಿಯಾಗಿ ಬಂದರೆ ತೊಗರಿ ಬಿತ್ತನೆ ಆಗುತ್ತದೆ, ಡಿಸೆಂಬರ್, ಜನವರಿಯಲ್ಲಿ ರಾಶಿ, ಆಮೇಲೆ ನಿಮ್ಮ ಗಲ್ಲಾ ತುಂಬುತ್ತದೆ. ಇವತ್ತು ಬಿದ್ದ ಮಳೆ ಆರು ತಿಂಗಳು ಬಿಟ್ಟು ಗಿರಾಕಿಯಾಗಿ ಬರುತ್ತದೆ. ಹಾಗಾಗಿ ಮಳೆಯ ದಿನ ಅಂಗಡಿ ಖಾಲಿ ಇದ್ದರೂ ನಿಮಗೆ ಖುಷಿಯೇ. ಉಡುಪಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ದುಡ್ಡು ಮೀನು, ಹೋಟೆಲು, ಬ್ಯಾಂಕು, ಆಸ್ಪತ್ರೆ, ಕಾಲೇಜು, ಮುಂಬೈ, ಗಲ್ಫು ಎಂದು ಹತ್ತು ಕಡೆಯಿಂದ ಬರುತ್ತದೆ. ಮಳೆ ಕಡಿಮೆಯಾದ ವರ್ಷವೂ ಪೇಟೆ ನಿಮ್ಮಲ್ಲಿ ಆದಷ್ಟು ಸೊರಗುವುದಿಲ್ಲ.

ಹಬ್ಬದ ಕ್ಯಾಲೆಂಡರಿನಲ್ಲೂ ಎಡವಬೇಡಿ. ಆಷಾಢ ಮುಗಿದು ಶ್ರಾವಣ ಬಂದ ಕೂಡಲೇ ನಿಮ್ಮಲ್ಲಿ ಪಂಚಮಿ ಗದ್ದಲ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಸೀರೆ, ಕುಪ್ಪಸದ ಖಣ ಹೋಗುತ್ತದೆ. ಅದೇ ವಾರ ಉಡುಪಿಯಲ್ಲಿ ಆಟಿ ನಡೆಯುತ್ತಿರಬಹುದು. ನಾಗರಪಂಚಮಿ ಅಲ್ಲೂ ದೊಡ್ಡದೇ. ಆದರೆ ಖರ್ಚು ಸೀಯಾಳ, ಕೇದಗೆ, ಹಾಲಿಗೆ. ಬಟ್ಟೆಗಲ್ಲ. ಯುಗಾದಿಗೆ ನಿಮ್ಮಲ್ಲಿ ಹೊಸ ಬಟ್ಟೆ, ಅಲ್ಲಿ ಏಪ್ರಿಲ್ ಮಧ್ಯದ ಬಿಸುವಿಗೆ, ಅಂದರೆ ತುಳುವರ ಹೊಸ ವರ್ಷಕ್ಕೆ. ಉಡುಪಿಯ ಕೃಷ್ಣಾಷ್ಟಮಿ ಸೌರಮಾನದ ಲೆಕ್ಕದಲ್ಲಿ ನಡೆಯುವುದರಿಂದ ಕೆಲವು ವರ್ಷ ಬೇರೆ ಊರುಗಳಿಗಿಂತ ಒಂದು ತಿಂಗಳು ತಡವಾಗಿ ಬರುತ್ತದೆ. 2025ರಲ್ಲಿ ಹಾಗೇ ಆಯಿತು. ಬೇರೆಡೆ ಆಗಸ್ಟ್‌ನಲ್ಲಿ, ಅಲ್ಲಿ ಸೆಪ್ಟೆಂಬರ್‌ನಲ್ಲಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ, ಕ್ರೈಸ್ತರ ಮನೆಗಳಲ್ಲಿ ದೊಡ್ಡದು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಅಲ್ಲಿನ ಪಂಚಾಂಗ ಒಂದು ತರಿಸಿ ಗೋಡೆಗೆ ಹಾಕಿ, ಆಮೇಲೆ ಆರ್ಡರ್ ಕೊಡಿ.

ಬೇರೆ ಊರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್–ಮೇ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗುಡುಗು ಮಳೆ ಬರುವುದು ಸಾಮಾನ್ಯವಾಗಿ ಸಂಜೆ. ಅಂದರೆ ಕಮರ್ಷಿಯಲ್ ಸ್ಟ್ರೀಟ್, ಗಾಂಧಿ ಬಜಾರಿಗೆ ಜನ ಬರುವ ಹೊತ್ತಿಗೇ. ಅಲ್ಲಿನವರಿಗೆ ಒದ್ದೆಯಾಗುವುದಕ್ಕಿಂತ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ ದೊಡ್ಡದು. ಮಡಿಕೇರಿಯಲ್ಲಿ ಮಳೆ ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ಒಂದೇ ರಾಜ್ಯ, ಒಂದೇ ಮುಂಗಾರು, ಆದರೆ ಬೀದಿಗೊಂದು ಲೆಕ್ಕ.

ಈಗ ಜಾಗ. ಇಲ್ಲಿ ನಿಧಾನಿಸಿ ಯೋಚಿಸಿ, ಏಕೆಂದರೆ ಸ್ಟಾಕು ಬದಲಿಸಬಹುದು, ಜಾಗ ಬದಲಿಸುವುದು ಕಷ್ಟ.

ಅಂಗಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನೋಡಿ. ವಾಸ್ತುವಿಗಾಗಿ ಅಲ್ಲ, ಬಿಸಿಲು, ಗಾಳಿಗಾಗಿ. ದಕ್ಷಿಣೋತ್ತರವಾಗಿ ಹೋಗುವ ರಸ್ತೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಅಂಗಡಿಗೆ ಮಧ್ಯಾಹ್ನದ ನಂತರ ತನ್ನ ಕಟ್ಟಡದ್ದೇ ನೆರಳು. ಎದುರು ಸಾಲಿನವರು ಹೊತ್ತು ಮುಳುಗುವವರೆಗೂ ಬಿಸಿಲು ತಿನ್ನುತ್ತಾರೆ. ನಿಮ್ಮ ಬಜಾರಿನಲ್ಲೇ ಮೇ ತಿಂಗಳ ನಾಲ್ಕು ಗಂಟೆಗೆ ಗಮನಿಸಿ, ಜನ ಯಾವ ಬದಿಯಲ್ಲಿ ನಡೆಯುತ್ತಾರೆ ಅಂತ. ಉಡುಪಿಯಲ್ಲೂ ಪೂರ್ವಮುಖವೇ ಒಳ್ಳೆಯದು, ಆದರೆ ಕಾರಣ ಬೇರೆ. ಮುಂಗಾರಿನ ಗಾಳಿ ಅಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಮಳೆ ನೇರ ಬೀಳುವುದಿಲ್ಲ, ಓರೆಯಾಗಿ ಹೊಡೆಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯ ಮುಂದೆ ತೂಗುಹಾಕಿದ ಚೂಡಿದಾರ ಎರಡಡಿ ಸಜ್ಜಾ ಇದ್ದರೂ ನೆನೆಯುತ್ತದೆ. ಪೂರ್ವಮುಖದ್ದಕ್ಕೆ ಹಿಂದಿನ ಗೋಡೆಯೇ ಅಡ್ಡ.

ಜಗಲಿ ಎತ್ತರ ನೋಡಿ. ರಸ್ತೆಗಿಂತ ಒಂದೆರಡು ಮೆಟ್ಟಿಲು ಮೇಲಿದ್ದರೆ ಸಾಕು. ಇಳಿಜಾರಿನ ಬುಡದಲ್ಲಿರುವ ಮಳಿಗೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ ಅನ್ನುವುದು ಅಲ್ಲಿ ಬಹಳ ಮುಖ್ಯ. ಕಾಪು, ಬ್ರಹ್ಮಾವರ, ಕಾರ್ಕಳ, ಹಿರಿಯಡಕ ಕಡೆಯಿಂದ ಪೇಟೆಗೆ ಬರುವವರಲ್ಲಿ ಖಾಸಗಿ ಬಸ್ಸಿನವರು ತುಂಬಾ ಜನ. ಮಳೆಗಾಲದಲ್ಲಿ ಬೈಕು ಮನೆಯಲ್ಲೇ ಬಿಟ್ಟು ಬಸ್ಸು ಹತ್ತುವವರೂ ಸೇರಿಕೊಳ್ಳುತ್ತಾರೆ. ಸಿಟಿ ಬಸ್ ಸ್ಟ್ಯಾಂಡ್, ಸರ್ವಿಸ್ ಬಸ್ ಸ್ಟ್ಯಾಂಡಿನಿಂದ ಇಳಿದವರು ಅಂಗಡಿಗಳ ಸಜ್ಜಾದ ಕೆಳಗೇ ನಡೆದು ನಿಮ್ಮ ಬಾಗಿಲಿಗೆ ಬರಬಹುದೇ? ನಡುವೆ ಎಲ್ಲಿ ಸಜ್ಜಾ ತಪ್ಪುತ್ತದೆ, ಎಲ್ಲಿ ರಸ್ತೆ ದಾಟಬೇಕು? ಆ ದಾರಿ ನೀವೇ ನಡೆದು ನೋಡಿ. ಬೇಸಿಗೆಯಲ್ಲಿ ಐದು ನಿಮಿಷ ದೂರ ಏನೂ ಅಲ್ಲ. ಜಡಿಮಳೆಯಲ್ಲಿ ಅಷ್ಟೇ ದೂರಕ್ಕೆ ಜನ ಬೇರೆ ಅಂಗಡಿ ಹುಡುಕುತ್ತಾರೆ. ರಥಬೀದಿಯ ಕಡೆ ಯಾತ್ರಿಕರು ಜಾಸ್ತಿ. ಅಲ್ಲಿ ಪಂಚೆ, ಶಲ್ಯ, ಮಕ್ಕಳ ಬಟ್ಟೆ ಹೋಗುತ್ತದೆ. ಮನೆಮಂದಿಗೆಲ್ಲ ಬಟ್ಟೆ ತೆಗೆಯುವ ಗಿರಾಕಿ ಬೇಕಾದರೆ ಬಸ್ ಸ್ಟ್ಯಾಂಡಿನ ಸುತ್ತಲೇ ನೋಡಿ.

ಸ್ಟಾಕಿನ ವಿಚಾರದಲ್ಲಿ ನಿಮಗೆ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಹೇಳಬೇಕು. ಒಳ್ಳೆಯದೇನೆಂದರೆ ಮಳೆ ತಾನೇ ಕೆಲವು ಮಾಲನ್ನು ಓಡಿಸುತ್ತದೆ. ಜುಲೈನಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಆರುವುದಿಲ್ಲ. ಹಾಗಾಗಿ ಯೂನಿಫಾರ್ಮ್ ಇನ್ನೊಂದು ಜೊತೆ ಬೇಕು, ಒಳಉಡುಪು ಜಾಸ್ತಿ ಬೇಕು, ಬೇಗ ಆರುವ ಟ್ರ್ಯಾಕ್ ಪ್ಯಾಂಟು, ತೆಳ್ಳಗಿನ ನೈಟಿ, ಬೈರಾಸು ಅನ್ನುವ ತೆಳು ಟವೆಲ್ ಬೇಕು. ದಪ್ಪ ಟರ್ಕಿ ಟವೆಲ್ ಆಗ ಯಾರಿಗೂ ಬೇಡ. ಜೀನ್ಸ್ ಕೂಡ ನಿಧಾನ. ಕೊಡೆ, ರೇನ್‌ಕೋಟ್ ಬಾಗಿಲ ಬಳಿಯೇ ಇರಲಿ. ಇದರ ಸೀಸನ್ ಶುರುವಾಗುವುದು ಮೇ ಕೊನೆಗೆ. 2025ರಲ್ಲಿ ಮುಂಗಾರು ಮಾಮೂಲಿ ಜೂನ್ 1ರ ಬದಲು ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮ ಕರಾವಳಿಯಲ್ಲೂ ಮೇ ಕೊನೆಯ ವಾರವೇ ಮಳೆ ಹಿಡಿಯಿತು. ಶಾಲೆ ಶುರುವಾಗುವ ಮುಂಚಿನ ಖರೀದಿ ಒದ್ದೆಯಲ್ಲೇ ನಡೆಯಿತು. ಆದ್ದರಿಂದ ಮಳೆಗಾಲದ ಮಾಲು ಮೇ 15ರೊಳಗೆ ಅಂಗಡಿಯಲ್ಲಿ ಇರಬೇಕು.

ಕೆಟ್ಟದ್ದು ಬೂಷ್ಟು. ಕಲಬುರಗಿಯಲ್ಲಿ ನಿಮ್ಮ ಚಿಂತೆ ಬಿಸಿಲಿಗೆ ಬಣ್ಣ ಹೋಗುವುದು, ದೂಳು ಕೂರುವುದು. ಅಲ್ಲಿ ಮೂರು ತಿಂಗಳು ಕಟ್ಟಿಟ್ಟ ಹತ್ತಿ ಸೀರೆಯ ಮಡಿಕೆಯಲ್ಲಿ ಕಪ್ಪು ಚುಕ್ಕೆ ಬರುತ್ತದೆ, ಜರಿ ಮಂಕಾಗುತ್ತದೆ, ಕಪಾಟು ತೆರೆದರೆ ಮುಗ್ಗುಲು ವಾಸನೆ. ಮೂಗಿಗೆ ಆ ವಾಸನೆ ಬಡಿದ ಗಿರಾಕಿ ಬೆಲೆ ಕೇಳುವುದೂ ಇಲ್ಲ. ಗಂಟನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಮರದ ಹಲಗೆ ಮೇಲಿಡಿ. ಗಾಳಿಯಾಡಲಿ. ಜರಿ ಸೀರೆಗಳನ್ನು ಆಗಾಗ ಬಿಚ್ಚಿ ಮಡಿಕೆ ಬದಲಿಸಿ. ರೇಷ್ಮೆ, ಜರಿ ಮಾಲನ್ನು ಮಳೆಗಾಲಕ್ಕೆ ಕಡಿಮೆ ಇಟ್ಟು ಉಳಿದದ್ದನ್ನು ಕಲಬುರಗಿಯ ಅಂಗಡಿಗೆ ತರಿಸಿಕೊಳ್ಳಿ. ಎರಡು ಊರಲ್ಲಿ ಅಂಗಡಿ ಇರುವುದರ ದೊಡ್ಡ ಲಾಭವೇ ಇದು. ಅಲ್ಲಿ ಆಟಿ ಇರುವಾಗ ನಿಮ್ಮಲ್ಲಿ ಪಂಚಮಿ. ಮಾಲು ಓಡಾಡಲಿ.

ಹೊತ್ತಿನ ವಿಚಾರ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ನೌಕರರು ಮನೆಗೆ ಹೋಗಿ ಮಲಗಿ ಎದ್ದು ಬಿಸಿಲಿಳಿದ ಮೇಲೆ ಬಜಾರಿಗೆ ಬರುತ್ತಾರೆ, ರಾತ್ರಿ ಹತ್ತರವರೆಗೂ ಇರುತ್ತಾರೆ. ನಿಮ್ಮ ಮಗನಿಗೆ ಈ ಹೊತ್ತೇ ಅಭ್ಯಾಸ. ಉಡುಪಿಯಲ್ಲಿ ಮಳೆಗಾಲದ ರಾತ್ರಿಗೆ ಕಾದು ಕೂತರೆ ಯಾರೂ ಬರುವುದಿಲ್ಲ. ಊರಿಗೆ ಹೋಗುವ ಬಸ್ಸು ತಪ್ಪಬಾರದು ಅಂತ ಜನ ಬೇಗ ಹೊರಡುತ್ತಾರೆ. ಅಲ್ಲಿ ಹನ್ನೊಂದರಿಂದ ಸಂಜೆ ಆರೂವರೆಯವರೆಗಿನ ಹೊತ್ತೇ ಮುಖ್ಯ. ಬೇಗ ತೆರೆಯಿರಿ, ಬೇಗ ಮುಚ್ಚಿ, ಮಧ್ಯಾಹ್ನ ಹುಡುಗರನ್ನು ಪಾಳಿ ಮೇಲೆ ಊಟಕ್ಕೆ ಕಳಿಸಿ.

ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಮಗ ಹಿಂದಿನ ರಾತ್ರಿ ನೋಡುವ ರೂಢಿ ಮಾಡಿಕೊಳ್ಳಲಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮೀರಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ಮೀರಿದರೆ ವಿಪರೀತ ಮಳೆ. ಜುಲೈನಲ್ಲಿ ಯೆಲ್ಲೋ ಅಲರ್ಟ್ ಬಂದರೆ ಉಡುಪಿಯವರು ತಲೆಯೇ ಕೆಡಿಸಿಕೊಳ್ಳುವುದಿಲ್ಲ. ರೆಡ್ ಅಲರ್ಟ್ ದಿನ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟರೆ ಮಾತ್ರ ಲೆಕ್ಕ ಬದಲಾಗುತ್ತದೆ. ಮಕ್ಕಳು ಮನೆಯಲ್ಲಿ, ತಾಯಂದಿರೂ ಮನೆಯಲ್ಲಿ. ಹುಡುಗರ ವಾರದ ರಜೆ ಆ ದಿನಕ್ಕೆ ಹೊಂದಿಸಿಕೊಳ್ಳಬಹುದು. ಮರುದಿನ ಎಲ್ಲರೂ ಇರಲಿ.

ಅಡ್ವಾನ್ಸ್ ಕೊಡುವ ಮುಂಚೆ ಮಗ ಜುಲೈ ತಿಂಗಳಲ್ಲಿ ಒಂದು ವಾರ ಅಲ್ಲಿ ಇರಲಿ. ಡಿಸೆಂಬರ್‌ನಲ್ಲಿ ಹೋದರೆ ಎಲ್ಲ ಬೀದಿಯೂ ಚೆನ್ನಾಗಿಯೇ ಕಾಣುತ್ತದೆ. ನೋಡಿದ ಎರಡು ಮೂರು ಮಳಿಗೆಗಳ ಎದುರು ಪ್ರತಿ ಗಂಟೆಗೆ ಹತ್ತು ನಿಮಿಷ ನಿಂತು ಎಣಿಸಲಿ. ಎಷ್ಟು ಜನ ಹಾದುಹೋದರು, ಪಕ್ಕದ ಬಟ್ಟೆ ಅಂಗಡಿಗೆ ಎಷ್ಟು ಜನ ಹೊಕ್ಕರು, ಎಷ್ಟು ಜನ ಚೀಲ ಹಿಡಿದು ಹೊರಬಂದರು. ಪಕ್ಕದಲ್ಲಿ ಮಳೆ ಹೇಗಿತ್ತು ಅಂತ ಒಂದು ಪದ: ಬಿಸಿಲು, ತುಂತುರು, ಜೋರು. ಹಾದುಹೋದವರು, ಹೊಕ್ಕವರು, ಕೊಂಡವರು, ಈ ಮೂರೂ ಎಣಿಕೆ ಬೇರೆ ಬೇರೆ ಬೇಕು. ಮಳೆಯಲ್ಲಿ ಹಾದುಹೋಗುವವರು ಅರ್ಧಕ್ಕೆ ಇಳಿದರೂ ಒಳಗೆ ಬರುವವರು ಅಷ್ಟು ಇಳಿಯುವುದಿಲ್ಲ. ಸುಮ್ನೆ ಸುತ್ತಾಡಲು ಬಂದವರು ಆ ದಿನ ಬಂದಿರುವುದೇ ಇಲ್ಲ, ಬಂದವರಿಗೆ ಏನೋ ಬೇಕಾಗಿರುತ್ತದೆ. ಬರೀ ಬೀದಿಯ ಜನ ನೋಡಿ ಹೆದರಿದವರು ಇದನ್ನು ಎಣಿಸಿರುವುದಿಲ್ಲ. ಮಂಗಳವಾರವನ್ನು ಮಂಗಳವಾರದ ಜೊತೆ, ಭಾನುವಾರವನ್ನು ಭಾನುವಾರದ ಜೊತೆಯೇ ಹೋಲಿಸಬೇಕು. ಅದೇ ಜಾಗದಲ್ಲಿ ನವೆಂಬರ್‌ನಲ್ಲೂ ಒಮ್ಮೆ ಎಣಿಸಿದರೆ ನಿಮ್ಮ ಕೈಗೆ ನಿಜವಾದ ಲೆಕ್ಕ ಸಿಗುತ್ತದೆ.

ಕೊನೆಗೆ ಬಾಡಿಗೆ. ಮಳೆಗಾಲಕ್ಕೆ ಬಾಡಿಗೆ ಕಡಿಮೆ ಮಾಡಿ ಅಂತ ಕೇಳಿದರೆ ಮಾಲೀಕರು ಒಪ್ಪುವುದು ಕಷ್ಟ. ಅದರ ಬದಲು ಕರಾರು ಸೆಪ್ಟೆಂಬರ್ ಕೊನೆಗೆ ಶುರುವಾಗುವಂತೆ ಮಾಡಿಕೊಳ್ಳಿ. ನವರಾತ್ರಿ, ದೀಪಾವಳಿ, ಕ್ರಿಸ್‌ಮಸ್, ಮದುವೆ, ನೇಮ, ಬಿಸು, ಮುಂಬೈಯವರ ರಜೆ, ಶಾಲೆ ಶುರು, ಇಷ್ಟೂ ಮೊದಲ ಎಂಟು ತಿಂಗಳಲ್ಲಿ ಬರುತ್ತವೆ. ಆ ಎಂಟು ತಿಂಗಳ ಲಾಭದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಬಾಡಿಗೆ, ಸಂಬಳ ಎತ್ತಿಟ್ಟು ಬೇರೆ ಖಾತೆಯಲ್ಲಿ ಇರಲಿ, ಅದನ್ನು ಸ್ಟಾಕಿಗೆ ಮುಟ್ಟಬೇಡಿ. ಮತ್ತೆ ತುಳು ಬಲ್ಲ ಒಬ್ಬ ಸ್ಥಳೀಯರನ್ನು ಮೊದಲ ದಿನದಿಂದಲೇ ಕೆಲಸಕ್ಕೆ ಇಟ್ಟುಕೊಳ್ಳಿ. ಮಳೆ ನಿಲ್ಲಲಿ ಅಂತ ಒಳಗೆ ಬಂದು ಕೂತ ಅಜ್ಜಿಯ ಜೊತೆ ಅವರ ಮಾತಿನಲ್ಲೇ ನಾಲ್ಕು ಮಾತಾಡುವವರು ಅಂಗಡಿಯಲ್ಲಿ ಇರಬೇಕು.